ಇಳಿಸಿಕೊಂಡ ಇಂಜಿನ್ನು

ಇಂಜಿನ್ ಇಳಿಸುವುದಕ್ಕೆ ಎರಡು ದಾರಿಗಳಿವೆ. ಒಂದು, ಬೈಕಿನ ಚೈನು ಕಳಚಿ, ಸೈಲೆನ್ಸರ್ ಬಿಚ್ಚಿ, ವೈರುಗಳನ್ನು ಬಿಡಿಸಿ, ಫೌಂಡೇಶನ್ ಬೋಲ್ಟುಗಳನ್ನು ಹೊಡೆದು ತೆಗೆದು, ಇಬ್ಬರು ಸೇರಿ ಹಿಡಿದು ನೆಲಕ್ಕಿಡುವುದು. ಚನ್ನಗಿರಿಯ ಯಾವ ಗ್ಯಾರೇಜಿಗೆ ಹೋದರೂ ಈ ಕೆಲಸವನ್ನು ಮಾತಾಡುತ್ತಲೇ ಮುಗಿಸುವ ಹುಡುಗರು ಸಿಗುತ್ತಾರೆ. ಇನ್ನೊಂದು, ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವುದು. ಬೈಕಿನ ಹೆಸರು ಟೈಪು ಮಾಡಿದರೆ ಯಾರೋ ಪುಣ್ಯಾತ್ಮರು ಬರೆದಿಟ್ಟ ಇಂಜಿನ್ನಿನ ತ್ರೀಡಿ ಮಾಡೆಲ್ಲು ಬರುತ್ತದೆ. ಕೈಗೆ ಎಣ್ಣೆ ಹತ್ತುವುದಿಲ್ಲ, ಸೊಂಟ ಹಿಡಿಯುವುದಿಲ್ಲ. ಪರದೆಯ ಮೇಲೆ ತಿರುಗಿಸಿ ನೋಡಬಹುದು, ಬೇಕಾದ ಬಣ್ಣ ಬಳಿಯಬಹುದು, ಪ್ರಾಜೆಕ್ಟ್ ವರದಿಯ ಮುಖಪುಟಕ್ಕೂ ಹಾಕಬಹುದು.

ನಮ್ಮ ಇಂಜಿನಿಯರಿಂಗ್ ಶಿಕ್ಷಣ ಎರಡನೆಯ ದಾರಿಯನ್ನು ಆರಿಸಿಕೊಂಡು ಕೂತಿದೆ. ಈ ಲೇಖನ ಅದರ ವಿರುದ್ಧ.

ನಾನು ದಾವಣಗೆರೆ ಜಿಲ್ಲೆಯಲ್ಲಿ ಡಿಪ್ಲೊಮಾ ಮಕ್ಕಳಿಗೆ ಮೆಕ್ಯಾನಿಕಲ್ ಪಾಠ ಹೇಳುವವನು. ಚನ್ನಗಿರಿಯ ಅಡಿಕೆ ತೋಟದವರ ಮಕ್ಕಳು, ಹೊನ್ನಾಳಿಯ ಗದ್ದೆಯವರ ಮಕ್ಕಳು, ನ್ಯಾಮತಿ ಕಡೆಯ ಮೆಕ್ಕೆಜೋಳದವರ ಮಕ್ಕಳು, ಮಳೆ ಕೈಕೊಟ್ಟ ವರ್ಷ ಫೀಸು ಕಟ್ಟಲು ಪರದಾಡುವ ಜಗಳೂರಿನ ಮಕ್ಕಳು ನನ್ನ ಮುಂದೆ ಕೂತಿದ್ದಾರೆ. ಇವರಲ್ಲಿ ಕೆಲವರು ಡಿಪ್ಲೊಮಾ ಮುಗಿಸಿ ನೇರ ಎರಡನೆಯ ವರ್ಷದ ಬಿ.ಇ.ಗೆ ಸೇರುತ್ತಾರೆ. ಅಲ್ಲಿ ಚುರುಕಾದವರನ್ನು ಕೈಬೀಸಿ ಕರೆಯುವ ಒಂದು ಸಂಗತಿ ಇದೆ: ವಿದ್ಯಾರ್ಥಿಗಳ ರೇಸ್ ಕಾರು.

ಇದರ ಕಥೆ ಸಣ್ಣದು. 1981ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಫಾರ್ಮುಲಾ ಎಸ್‌ಎಇ ಎಂಬ ಸ್ಪರ್ಧೆ ಶುರುವಾಯಿತು. ಒಬ್ಬರೇ ಕೂರುವ ಪುಟ್ಟ ರೇಸ್ ಕಾರನ್ನು ವಿದ್ಯಾರ್ಥಿಗಳೇ ವಿನ್ಯಾಸ ಮಾಡಬೇಕು, ಅವರೇ ಕಟ್ಟಬೇಕು, ಅವರೇ ಓಡಿಸಬೇಕು. ಈಗ ನಮ್ಮಲ್ಲೂ ಸುಪ್ರಾ ಎಸ್‌ಎಇ ಇಂಡಿಯಾ ಇದೆ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಇದೆ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಿಂದ ಈ ಕೆಲಸದಲ್ಲಿದೆ. ಸುರತ್ಕಲ್ಲಿನಲ್ಲಿ, ಮಣಿಪಾಲದಲ್ಲಿ ತಂಡಗಳಿವೆ. ಇಂಜಿನ್ನು ಮಾತ್ರ ಯಾರೂ ಹೊಸದಾಗಿ ಮಾಡುವುದಿಲ್ಲ. 710 ಸಿಸಿ ಮೀರದ ಮೋಟಾರ್‌ಸೈಕಲ್ ಇಂಜಿನ್ನೊಂದನ್ನು ತಂದು ಸವಾರನ ಬೆನ್ನ ಹಿಂದೆ ಕೂರಿಸುತ್ತಾರೆ. ಗೇರ್‌ಬಾಕ್ಸು ಅದರ ಹೊಟ್ಟೆಯಲ್ಲೇ ಇರುತ್ತದೆ, ತೂಕ ಕಡಿಮೆ, ವೇಗವಾಗಿ ಸುತ್ತುತ್ತದೆ. ನಮ್ಮ ದೇಶದ ಅನೇಕ ತಂಡಗಳು ಬಳಸುವುದು ಕೆಟಿಎಂ 390ರ 373 ಸಿಸಿ ಇಂಜಿನ್.

ಇಂಜಿನ್ನನ್ನು ಕಂಪನಿ ಮಾರುತ್ತದೆ. ಅದರ ನಕ್ಷೆಯನ್ನು ಮಾರುವುದಿಲ್ಲ. ಬೋರೆಷ್ಟು, ಸ್ಟ್ರೋಕೆಷ್ಟು ಎಂದು ಜಾಹೀರಾತಿನಲ್ಲಿ ಇರುತ್ತದೆ. ಯಾವ ಭಾಗ ಎಷ್ಟು ಸವೆದರೆ ಬದಲಿಸಬೇಕೆಂದು ಸರ್ವೀಸ್ ಪುಸ್ತಕದಲ್ಲಿ ಇರುತ್ತದೆ. ಫೌಂಡೇಶನ್ ಬೋಲ್ಟಿನ ತೂತುಗಳು ಒಂದಕ್ಕೊಂದು ಎಷ್ಟು ದೂರ, ಸ್ಪ್ರಾಕೆಟ್ಟಿನ ಮುಖ ಯಾವ ಗೆರೆಯಲ್ಲಿದೆ, ಎಣ್ಣೆಯ ತೊಟ್ಟಿ ಎಷ್ಟು ಕೆಳಗೆ ಇಳಿದಿದೆ, ಹೊಗೆ ಹೊರಬರುವ ಬಾಯಿ ಯಾವ ಕೋನಕ್ಕೆ ತಿರುಗಿದೆ ಎಂಬುದು ಎಲ್ಲೂ ಇರುವುದಿಲ್ಲ. ಕಾರಿನ ಚೌಕಟ್ಟು ಕಟ್ಟಲು ಬೇಕಾದದ್ದು ಇದೇ. ಆದ್ದರಿಂದ ಕೂತು ಅಳೆಯಬೇಕು. ಸ್ಪರ್ಧೆಯ ಜೀವ ಇರುವುದು ಆ ಅಳತೆಯಲ್ಲಿ ಎಂದು ನಾನು ವಾದಿಸುತ್ತೇನೆ. ಅದನ್ನು ತಪ್ಪಿಸಿಕೊಂಡವರು ಕಾರು ಕಟ್ಟಿದರೂ ಏನನ್ನೂ ಕಲಿತಿರುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥ ತಂಡವೊಂದರಲ್ಲಿದ್ದ. ಕಾಲೇಜಿನ ಹೆಸರು ಬೇಡ. ಒಂದು ರಾತ್ರಿ ಫೋನು ಮಾಡಿದ.

"ಸಾರ್, ಇಂಜಿನ್ ಕೂರ್ತಿಲ್ಲ."

"ಯಾವ ಅಳತೆ ಹಿಡಿದು ಫ್ರೇಮ್ ವೆಲ್ಡ್ ಮಾಡಿದ್ರಪ್ಪಾ?"

"ಮಾಡೆಲ್ ಹಿಡಿದು ಸಾರ್."

"ಮಾಡೆಲ್ ಮಾಡಿದ್ದು ಯಾರು?"

"ಗೊತ್ತಿಲ್ಲ ಸಾರ್. ನೆಟ್ಟಲ್ಲಿತ್ತು."

ಹಿಂದಿನ ಎರಡು ತೂತು 6 ಮಿಲಿಮೀಟರ್ ಆಚೆ ಇದ್ದವು. ಮಾಡೆಲ್ ಮಾಡಿದ ಪುಣ್ಯಾತ್ಮ ಯಾವ ದೇಶದವನೋ, ಫೋಟೊ ನೋಡಿ ಬರೆದನೋ, ಚೆಂದಕ್ಕೆಂದು ಬರೆದನೋ. ಅವನದೇನೂ ತಪ್ಪಿಲ್ಲ, ಇದನ್ನು ಹಿಡಿದು ಕಾರು ಕಟ್ಟಿ ಎಂದು ಅವನು ಹೇಳಿರಲಿಲ್ಲ. ಹುಡುಗರಿಗೆ ಸಮಯ ಇರಲಿಲ್ಲ. ದುಂಡು ಅರ ಹಿಡಿದು ಫ್ರೇಮಿನ ಪಟ್ಟಿಯ ತೂತುಗಳನ್ನು ಉದ್ದ ಉಜ್ಜಿ ಬೋಲ್ಟು ತೂರಿಸಿದರು. ಸ್ಟ್ಯಾಂಡಿನ ಮೇಲಿಟ್ಟು ಎಕ್ಸಲರೇಟರ್ ಒತ್ತಿದಾಗ ಚೈನಿನ ಎಳೆತಕ್ಕೆ ಇಂಜಿನ್ನು ಆ ಉದ್ದ ತೂತಿನಲ್ಲಿ ಜರುಗಿತು, ಚೈನು ಸ್ಪ್ರಾಕೆಟ್ಟಿನಿಂದ ಹಾರಿತು. ಹತ್ತಿರ ಯಾರೂ ಇರಲಿಲ್ಲ. ಇದ್ದಿದ್ದರೆ ನಾನು ಇವತ್ತು ಬೇರೆ ಲೇಖನ ಬರೆಯುತ್ತಿದ್ದೆ.

ಆ ಹುಡುಗರನ್ನು ನಾನು ಬೈಯುವುದಿಲ್ಲ. ಅವರಿಗೆ ನಾವು ಕಲಿಸಿದ್ದೇ ಇದು. ನಮ್ಮ ಮೆಷಿನ್ ಡ್ರಾಯಿಂಗ್ ಪುಸ್ತಕ ತೆರೆದು ನೋಡಿ. ಪ್ಲಮರ್ ಬ್ಲಾಕು, ಸ್ಕ್ರೂ ಜಾಕು, ಲೇತಿನ ಟೈಲ್‌ಸ್ಟಾಕು, ಇಂಜಿನ್ನಿನ ಕನೆಕ್ಟಿಂಗ್ ರಾಡು. ಪ್ರತಿ ಚಿತ್ರದಲ್ಲೂ ಎಲ್ಲ ಅಳತೆಗಳನ್ನೂ ಬರೆದೇ ಕೊಟ್ಟಿರುತ್ತಾರೆ. ವಿದ್ಯಾರ್ಥಿಯ ಕೆಲಸ ಪುಸ್ತಕದ ಅಂಕಿಯನ್ನು ಕಂಪ್ಯೂಟರಿಗೆ ದಾಟಿಸುವುದು. ನಮ್ಮ ಅಪ್ಪಂದಿರ ಕಾಲದಲ್ಲಿ ಡ್ರಾಫ್ಟರ್ ಹಿಡಿದು ಹಾಳೆಗೆ ದಾಟಿಸುತ್ತಿದ್ದರು, ಈಗ ಪರದೆಗೆ ದಾಟಿಸುತ್ತಾರೆ. ಕನೆಕ್ಟಿಂಗ್ ರಾಡನ್ನು ಮೂರು ಸಲ ಬರೆದು ಪೂರ್ಣ ಅಂಕ ಪಡೆದವನ ಕೈಗೆ ನಿಜವಾದ ರಾಡು ಕೊಟ್ಟು "ಎರಡು ತೂತಿನ ನಡುವಿನ ದೂರ ಎಷ್ಟು, ಹೇಳು" ಎಂದರೆ ತಬ್ಬಿಬ್ಬಾಗುತ್ತಾನೆ. ತೂತಿನ ಕೇಂದ್ರ ಗಾಳಿಯಲ್ಲಿದೆ, ಅಲ್ಲಿ ವರ್ನಿಯರ್ ಇಡಲು ಜಾಗವೇ ಇಲ್ಲ! ಎರಡು ತೂತಿಗೂ ಬಿಗಿಯಾಗಿ ಕೂರುವ ಪಿನ್ನು ತೂರಿಸಿ, ಹೊರಗಿನಿಂದ ಹೊರಗಿಗೆ ಅಳೆದು, ಎರಡೂ ಪಿನ್ನುಗಳ ಅರ್ಧರ್ಧ ದಪ್ಪವನ್ನು ಕಳೆದರೆ ಆಯಿತು. ಎರಡು ನಿಮಿಷದ ಪಾಠ. ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ, ಯಾಕೆಂದರೆ ಪುಸ್ತಕ ಅಂಕಿಯನ್ನು ಮೊದಲೇ ಕೊಟ್ಟುಬಿಟ್ಟಿದೆ.

ಇನ್ನು, ಇಳಿಸಿಕೊಂಡ ಮಾಡೆಲ್ಲು ನಿಖರವಾಗಿಯೇ ಇದೆ ಎಂದಿಟ್ಟುಕೊಳ್ಳಿ. ಆಗಲೂ ಅದು ಯಾವುದೋ ಹೊಸ ಇಂಜಿನ್ನಿನ ಮಾಡೆಲ್ಲು. ನಿಮ್ಮೆದುರಿಗೆ ಇರುವುದು ಗುಜರಿಯಿಂದ ತಂದದ್ದು. ನಮ್ಮ ಊರುಗಳಿಗೆಲ್ಲ ಪರಿಚಯದ ಸ್ಪ್ಲೆಂಡರ್ ಬೈಕನ್ನೇ ತೆಗೆದುಕೊಳ್ಳೋಣ. ಬೋರು 50 ಮಿ.ಮೀ., ಸ್ಟ್ರೋಕು 49.5 ಮಿ.ಮೀ. ಗುಣಿಸಿದರೆ 97.2 ಸಿಸಿ. ಆದರೆ ಸಿಲಿಂಡರ್ ಸವೆದು, ಲೇತ್ ಅಂಗಡಿಯಲ್ಲಿ ಬೋರು ಹೊಡೆಸಿ, ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಿದ ಸ್ಪ್ಲೆಂಡರ್ ಈಗ 99.1 ಸಿಸಿ. ಕಂಪ್ರೆಷನ್ ಕೂಡ ಬದಲಾಗಿದೆ. ಎಷ್ಟೆಂದು ತಿಳಿಯಲು ಪಿಸ್ಟನ್ನನ್ನು ಮೇಲಕ್ಕೆ ತಂದು, ಪ್ಲಗ್ಗಿನ ತೂತಿನಿಂದ ಬ್ಯುರೆಟ್ಟಿನಲ್ಲಿ ಎಣ್ಣೆ ಬಿಟ್ಟು, ಎಷ್ಟು ಮಿಲಿಲೀಟರ್ ಹಿಡಿಯಿತೆಂದು ನೋಡಬೇಕು. 12 ಮಿಲಿಲೀಟರ್ ಹಿಡಿದರೆ ಕಂಪ್ರೆಷನ್ ಅನುಪಾತ ಸುಮಾರು 9.3. ಪಿಯುಸಿಯ ರಸಾಯನಶಾಸ್ತ್ರದ ಬ್ಯುರೆಟ್ಟು ಸಾಕು. ಆ ಅಂಕಿ ನಿಮ್ಮ ಇಂಜಿನ್ನಿನದು, ಇನ್ನಾರದೂ ಅಲ್ಲ.

ಬೋರು ಹೊಡೆಯುವ ಲೇತಿನವನಿಗೆ ಇದೆಲ್ಲ ಗೊತ್ತು ಎಂಬುದನ್ನು ಗಮನಿಸಿ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಮಿಲಿಮೀಟರಿನ ನೂರನೆಯ ಕೆಲವೇ ಭಾಗಗಳಷ್ಟು ಸಂದು ಬಿಡಬೇಕು. ಹೆಚ್ಚಾದರೆ ಎಣ್ಣೆ ಸುಟ್ಟು ಹೊಗೆ, ಕಡಿಮೆಯಾದರೆ ಪಿಸ್ಟನ್ ಜಾಮು. ಅವನು ಆ ಸಂದನ್ನು ದಿನವೂ ಅಳೆಯುತ್ತಾನೆ. ಅವನ ಮಗ ಇಂಜಿನಿಯರಿಂಗ್ ಸೇರಿದ ದಿನದಿಂದ ಅಂಗಡಿಯ ಕಡೆ ತಲೆ ಹಾಕುವುದಿಲ್ಲ. ಅಂಗಡಿಯ ವಿದ್ಯೆ ವಿದ್ಯೆಯಲ್ಲ, ಅದು ಹೊಟ್ಟೆಪಾಡು ಎಂದು ಅವನಿಗೆ ಕಾಲೇಜು ಬಾಯಿಬಿಟ್ಟು ಹೇಳದೆಯೇ ತಿಳಿಸಿರುತ್ತದೆ. ಬಸವ ಜಯಂತಿಯಂದು ಕಾಯಕದ ಮೇಲೆ ಗಂಟೆಗಟ್ಟಲೆ ಭಾಷಣ ಮಾಡಿಸುವ ಕಾಲೇಜುಗಳಲ್ಲೇ ವರ್ಕ್‌ಶಾಪಿನ ಬೀಗಕ್ಕೆ ತುಕ್ಕು ಹಿಡಿದಿದೆ. ಇದು ನನ್ನ ಸಿಟ್ಟಿನ ಮೂಲ. ಅಳತೆ ಅಪ್ಪನ ಹತ್ತಿರ ಉಳಿಯಿತು, ಪದವಿ ಮಗನಿಗೆ ಬಂತು.

ಮಾಡೆಲ್ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ. ಆಕಾರದ ಮಾಡೆಲ್ಲು ಒಂದಾದರೆ, ಇಂಜಿನ್ನು ಹೇಗೆ ಉಸಿರಾಡುತ್ತದೆ ಎಂಬ ಲೆಕ್ಕದ ಮಾಡೆಲ್ಲು ಇನ್ನೊಂದು. ಈ ಸ್ಪರ್ಧೆಯಲ್ಲಿ ಒಂದು ಕಠಿಣ ನಿಯಮವಿದೆ. ಪೆಟ್ರೋಲ್ ಇಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿ.ಮೀ. ವ್ಯಾಸದ ಒಂದೇ ತೂತಿನ ಮೂಲಕ ಹೋಗಬೇಕು. 2019ರ ಸರಣಿಯ ಒಂದು ರೂಪಾಯಿ ನಾಣ್ಯದ ಅಗಲ ಅಷ್ಟೇ. ಅಷ್ಟು ಕಿರಿದಾದ ಗಂಟಲಿನಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಎಷ್ಟು ಎಳೆದರೂ ಹೆಚ್ಚು ಬರುವುದಿಲ್ಲ. ಲೆಕ್ಕ ಹಾಕಿದರೆ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 74 ಗ್ರಾಂ ಗಾಳಿ.

373 ಸಿಸಿಯ ಒಂದೇ ಸಿಲಿಂಡರಿನ ಇಂಜಿನ್ನು ನಿಮಿಷಕ್ಕೆ 9000 ಸುತ್ತು ಸುತ್ತುತ್ತಿದ್ದರೆ ಸೆಕೆಂಡಿಗೆ 75 ಸಲ ಉಸಿರೆಳೆಯುತ್ತದೆ. ಪ್ರತಿ ಸಲ ಸಿಲಿಂಡರ್ ಪೂರ್ತಿ ತುಂಬಿದರೆ 28 ಲೀಟರ್, ಅಂದರೆ ಸುಮಾರು 33 ಗ್ರಾಂ ಗಾಳಿ. 74 ಇರುವಾಗ 33 ಯಾವ ಲೆಕ್ಕ, ತೊಂದರೆಯೇ ಇಲ್ಲ ಎಂದು ಅವಸರದ ವಿದ್ಯಾರ್ಥಿ ಬರೆದುಬಿಡುತ್ತಾನೆ. ಆದರೆ ಇಂಜಿನ್ನು ಒಂದೇ ಸಮನೆ ಉಸಿರೆಳೆಯುವುದಿಲ್ಲ. ನಾಲ್ಕು ಹೊಡೆತದಲ್ಲಿ ಒಂದು ಹೊಡೆತ ಮಾತ್ರ ಗಾಳಿ ಎಳೆಯುತ್ತದೆ. ಆ ಹೊತ್ತಿನಲ್ಲಿ ಅದು ಕೇಳುವ ವೇಗ ಸರಾಸರಿಯ ಸುಮಾರು ನಾಲ್ಕರಷ್ಟು, 130 ಗ್ರಾಮಿನ ಆಸುಪಾಸು. ಗಂಟಲು ಅಷ್ಟು ಕೊಡಲಾರದು. ಅದಕ್ಕಾಗಿ ಗಂಟಲಿಗೂ ಸಿಲಿಂಡರಿಗೂ ನಡುವೆ ಗಾಳಿಯ ಡಬ್ಬಿಯೊಂದನ್ನು ಇಡುತ್ತಾರೆ, ಹಗಲೆಲ್ಲ ಸಣ್ಣಗೆ ಬರುವ ನಲ್ಲಿ ನೀರನ್ನು ಹಂಡೆಗೆ ತುಂಬಿಟ್ಟುಕೊಂಡ ಹಾಗೆ. ಡಬ್ಬಿ ಎಷ್ಟು ದೊಡ್ಡದಿರಬೇಕು, ಕೊಳವೆ ಎಷ್ಟು ಉದ್ದ ಇರಬೇಕು ಎಂದು ಹೇಳಲು ವಾಲ್ವು ಯಾವ ಡಿಗ್ರಿಯಲ್ಲಿ ಎಷ್ಟು ತೆರೆಯುತ್ತದೆ ಎಂಬುದು ಬೇಕು. ಅದನ್ನೂ ಕಂಪನಿ ಕೊಡುವುದಿಲ್ಲ. ಕ್ರ್ಯಾಂಕಿಗೆ ಡಿಗ್ರಿ ಚಕ್ರ ಕಟ್ಟಿ, ವಾಲ್ವಿನ ಮೇಲೆ ಡಯಲ್ ಗೇಜ್ ನಿಲ್ಲಿಸಿ, ಐದೈದು ಡಿಗ್ರಿ ತಿರುಗಿಸುತ್ತ ಬರೆದುಕೊಳ್ಳಬೇಕು. ಒಂದು ಮಧ್ಯಾಹ್ನದ ಕೆಲಸ. ಇದನ್ನು ಮಾಡದೆ ಸಾಫ್ಟ್‌ವೇರಿಗೆ ಯಾವುದೋ ಅಂಕಿ ತಿನ್ನಿಸಿದರೆ ಅದು ಬಣ್ಣಬಣ್ಣದ ಗ್ರಾಫು ಕೊಡುತ್ತದೆ. ಸುಳ್ಳು ಅಂಕಿಗೂ ಅಷ್ಟೇ ಚೆಂದದ ಗ್ರಾಫು ಬರುತ್ತದೆ ಎಂಬುದೇ ಅಪಾಯ.

ಇನ್ನೊಂದು ಉದಾಹರಣೆ. ಬೈಕು ತಿರುವಿನಲ್ಲಿ ವಾಲುತ್ತದೆ, ಅದರ ಜೊತೆಗೆ ಇಂಜಿನ್ನೂ ವಾಲುತ್ತದೆ. ಆದ್ದರಿಂದ ಒಳಗಿನ ಎಣ್ಣೆ ತೊಟ್ಟಿಯ ತಳದಲ್ಲೇ ನಿಲ್ಲುತ್ತದೆ. ಕಾರು ವಾಲುವುದಿಲ್ಲ. ಪಕ್ಕಕ್ಕೆ ತಳ್ಳುವ ಬಲ ತೂಕದಷ್ಟೇ ಆದಾಗ ಎಣ್ಣೆಯ ಮೈ 45 ಡಿಗ್ರಿ ಓರೆಯಾಗಿ ತೊಟ್ಟಿಯ ಒಂದು ಮಗ್ಗುಲಿಗೆ ಏರುತ್ತದೆ, ಎಣ್ಣೆ ಹೀರುವ ಬಾಯಿ ಬರೀ ಗಾಳಿ ಹೀರುತ್ತದೆ, ಬೇರಿಂಗು ಸುಡುತ್ತದೆ. ತೊಟ್ಟಿಯ ಒಳಗನ್ನು ಅಳೆದು ನೋಡಿದವನಿಗೆ ಮಾತ್ರ ತಡೆಹಲಗೆಯನ್ನು ಎಲ್ಲಿ ಇಡಬೇಕೆಂದು ಹೊಳೆಯುತ್ತದೆ. ಇಳಿಸಿಕೊಂಡ ಮಾಡೆಲ್ಲಿನ ಹೊಟ್ಟೆಯೊಳಗೆ ತೊಟ್ಟಿಯೇ ಇರುವುದಿಲ್ಲ, ಅದು ಗಟ್ಟಿ ಮುದ್ದೆ.

ಸ್ಪರ್ಧೆಯವರಿಗೂ ಇದು ಗೊತ್ತಿದೆ. ಒಟ್ಟು 1000 ಅಂಕಗಳಲ್ಲಿ 325 ಅಂಕ ಓಡದೆ ನಿಂತ ಕಾರಿಗೆ. ಅದರಲ್ಲಿ 150 ಬರೀ ವಿನ್ಯಾಸಕ್ಕೆ. ತೀರ್ಪುಗಾರರು ಕಾರಿನ ಪಕ್ಕ ನಿಂತು "ಇದು ಇಲ್ಲೇ ಯಾಕಿದೆ, ಈ ಅಂಕಿ ನಿಮಗೆ ಎಲ್ಲಿ ಸಿಕ್ಕಿತು" ಎಂದು ಕೇಳುತ್ತಾರೆ. ನೆಟ್ಟಲ್ಲಿತ್ತು ಎಂಬುದು ಅಲ್ಲಿ ಉತ್ತರವಲ್ಲ.

ಈಗ ನನ್ನ ಎದುರು ವಾದಿಗಳ ಮಾತಿಗೆ ಬರುತ್ತೇನೆ. ತ್ರೀಡಿ ಸ್ಕ್ಯಾನರ್ ಇರುವಾಗ ಪಿನ್ನು, ವರ್ನಿಯರ್ ಎಂದು ಯಾಕೆ ಒದ್ದಾಡುತ್ತೀರಿ ಎನ್ನುವವರಿದ್ದಾರೆ. ಸ್ಕ್ಯಾನರ್ ಒಳ್ಳೆಯ ಉಪಕರಣ, ಕೊಡಿಸಿದರೆ ಬೇಡ ಎನ್ನುವುದಿಲ್ಲ. ಅದು ಕೊಡುವುದು ಲಕ್ಷಾಂತರ ಚುಕ್ಕೆಗಳನ್ನು. ಆ ಚುಕ್ಕೆಗಳಲ್ಲಿ ಯಾವುದು ಎರಕದ ಒರಟು ಮೈ, ಯಾವುದು ಮೆಷಿನ್ ಮಾಡಿದ ಮುಖ, ಯಾವ ಮುಖವನ್ನು ಆಧಾರವಾಗಿ ಹಿಡಿದು ಉಳಿದದ್ದನ್ನು ಅಳೆಯಬೇಕು ಎಂದು ತೀರ್ಮಾನಿಸುವುದು ಮನುಷ್ಯನೇ. ಆ ವಿವೇಕ ಬರುವುದು ಕೈಯಲ್ಲಿ ಅಳೆದವನಿಗೆ.

ಕಾಲ ವಿದ್ಯುತ್ತಿನದು, ಇಂಜಿನ್ನಿನ ಕಥೆ ಮುಗಿಯಿತು ಎನ್ನುವವರೂ ಇದ್ದಾರೆ. ಆಗಲಿ. ವಿದ್ಯುತ್ ಕಾರಿನ ವಿಭಾಗ ಈ ಸ್ಪರ್ಧೆಗಳಲ್ಲೂ ಬಂದಿದೆ. ಆದರೆ ಮೋಟಾರನ್ನೂ ಚೌಕಟ್ಟಿಗೆ ಕೂರಿಸಬೇಕು, ಬ್ಯಾಟರಿ ಪೆಟ್ಟಿಗೆಗೂ ಅಳತೆ ಬೇಕು, ಶಾಫ್ಟು ಗೆರೆ ತಪ್ಪಿದರೆ ಅಲ್ಲಿಯೂ ಬೇರಿಂಗು ಸಾಯುತ್ತದೆ.

ಮೂರನೆಯ ಆಕ್ಷೇಪ ಭಾರವಾದದ್ದು. ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆಗಾಗಿ ವರ್ಷಗಟ್ಟಲೆ ಕಾದ ಜಗಳೂರಿನವರ ಮುಂದೆ ರೇಸ್ ಕಾರಿನ ಮಾತಾಡಲು ನಾಚಿಕೆಯಾಗುವುದಿಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಅವರಿಗೆ ನನ್ನ ಉತ್ತರ ಜಗಳೂರಿನ ಹೊಲದಲ್ಲೇ ಇದೆ. ಎತ್ತು ಸಾಕಲಾಗದ ರೈತರು ಹಳೆಯ ಬೈಕಿಗೆ ಎಡೆಕುಂಟೆ ಕಟ್ಟಿಸಿ ಮೆಕ್ಕೆಜೋಳದ ಸಾಲಿನಲ್ಲಿ ಓಡಿಸುವುದನ್ನು ನೀವು ನೋಡಿರಬಹುದು. ಕೆಲವರು ಹಿಂದಿನ ಚಕ್ರ ಬದಲಿಸುತ್ತಾರೆ, ಕೆಲವರು ಇಂಜಿನ್ನನ್ನೇ ಇಳಿಸಿ ಬೇರೆ ಚೌಕಟ್ಟಿಗೆ ಕೂರಿಸುತ್ತಾರೆ. ಒಂದು ಬೈಕಿನ ಇಂಜಿನ್ನನ್ನು ಅದು ಹುಟ್ಟದ ಚೌಕಟ್ಟಿಗೆ ಕೂರಿಸುವುದು, ಚೈನಿನ ಗೆರೆ ಸರಿಮಾಡುವುದು, ತೂಕ ಎಲ್ಲಿ ಬೀಳುತ್ತದೆಂದು ನೋಡುವುದು: ಕೊಯಮತ್ತೂರಿನ ಟ್ರ್ಯಾಕಿನ ಸಮಸ್ಯೆಯೂ ಇದೇ, ಜಗಳೂರಿನ ಹೊಲದ ಸಮಸ್ಯೆಯೂ ಇದೇ. ವೆಲ್ಡಿಂಗ್ ಅಂಗಡಿಯವರು ಕಣ್ಣಂದಾಜಿನಲ್ಲಿ ಚೆನ್ನಾಗಿಯೇ ಮಾಡುತ್ತಾರೆ. ಅಂದಾಜು ತಪ್ಪಿದ ಕಡೆ ಪಟ್ಟಿ ನಡುಗಿ ಸೀಳುತ್ತದೆ, ಚೈನು ರೈತನ ಮೊಣಕಾಲಿನ ಪಕ್ಕದಲ್ಲಿ ಹಾರುತ್ತದೆ. ರೇಸ್ ಕಾರಿನಲ್ಲಿ ಚೈನಿನ ಮೇಲೆ ಉಕ್ಕಿನ ಕಾವಲು ಪಟ್ಟಿ ಇಲ್ಲದಿದ್ದರೆ ತಪಾಸಣೆಯಲ್ಲೇ ತಳ್ಳಿಬಿಡುತ್ತಾರೆ. ಎಡೆಕುಂಟೆಯನ್ನು ತಪಾಸಣೆ ಮಾಡುವವರು ಯಾರು? ಇಂಜಿನಿಯರಿಂಗ್ ಕಲಿತ ರೈತನ ಮಗ ಮಾಡಬೇಕಿತ್ತು. ಅವನಿಗೆ ಅಳೆಯಲು ಬರುವುದಿಲ್ಲ.

ಅಳತೆಯ ಬೆಲೆ ನಮ್ಮ ಜನಕ್ಕೆ ತಿಳಿಯದ್ದೇನಲ್ಲ. ಸೂಳೆಕೆರೆಯ ಸರ್ವೆ ಮಾಡಿ, ಗಡಿ ಗುರುತಿಸಿ ಎಂದು ಚನ್ನಗಿರಿ ಸೀಮೆಯವರು ವರ್ಷಗಟ್ಟಲೆ ಒತ್ತಾಯಿಸಿದ್ದಾರೆ. ಗಡಿ ಅಳೆಯದ ಕೆರೆ ಒತ್ತುವರಿಯಾಗುತ್ತದೆ ಎಂದು ಅರಿತ ಊರಿಗೆ, ಅಳೆಯಲು ಕಲಿಸದ ಶಾಲೆಯ ನಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಏನು ಮಾಡಬೇಕು? ತಾಲ್ಲೂಕಿಗೊಂದು ರೇಸ್ ಕಾರು ಕೊಡಿ ಎಂದು ನಾನು ಕೇಳುತ್ತಿಲ್ಲ. ಅದಕ್ಕೆ ಲಕ್ಷಗಟ್ಟಲೆ ಬೇಕು, ಅದನ್ನು ದೊಡ್ಡ ಕಾಲೇಜುಗಳು ಮಾಡಲಿ. ನಾನು ಕೇಳುವುದು ಆ ಕಾರಿನ ಮೊದಲ ತಿಂಗಳ ಕೆಲಸವನ್ನು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ಕಡೆಯ ಐಟಿಐ, ಡಿಪ್ಲೊಮಾ ಮಕ್ಕಳ ಮುಂದೆ ಗುಜರಿಯ ಒಂದೊಂದು ಸ್ಪ್ಲೆಂಡರ್ ಇಂಜಿನ್ ಇಡಿ. 0.02 ಮಿ.ಮೀ. ಓದುವ ವರ್ನಿಯರ್, ಒಂದು ಡಯಲ್ ಗೇಜು, ಒಂದು ಬ್ಯುರೆಟ್ಟು, ಸಮತಟ್ಟಾದ ದಪ್ಪ ಗಾಜು, ಗಾರೆಯವರ ತೂಕದ ಗುಂಡು ಕೊಡಿ. ತೂತುಗಳ ನಡುವಿನ ದೂರ ತೆಗೆಯಲಿ. ಒಂದೇ ಸಮತಲದ ನಾಲ್ಕು ತೂತಿಗೆ ಐದು ಅಳತೆ ಸಾಕು, ಆರನೆಯದನ್ನೂ ತೆಗೆಯಲಿ, ಉಳಿದ ಐದು ನಿಜ ಹೇಳಿವೆಯೇ ಎಂಬುದಕ್ಕೆ ಅದು ಸಾಕ್ಷಿ. ಇಂಜಿನ್ನನ್ನು ಎರಡು ಬೇರೆ ಬೇರೆ ಜಾಗದಿಂದ ಹಗ್ಗಕ್ಕೆ ನೇತುಹಾಕಿ, ಪಕ್ಕದಲ್ಲಿ ಗುಂಡು ಇಳಿಬಿಟ್ಟು ಗೆರೆ ಎಳೆಯಲಿ. ಎರಡು ಗೆರೆ ಕೂಡುವ ಕಡೆ ತೂಕದ ಕೇಂದ್ರ ಇರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಮಾಡೆಲ್ಲು ಬರೆಯಲಿ.

ಕೊನೆಗೆ ನಾಲ್ಕೂ ತಾಲ್ಲೂಕಿನ ಅಂಕಿಗಳನ್ನು ಒಂದು ಹಾಳೆಯಲ್ಲಿ ಅಕ್ಕಪಕ್ಕ ಇಡಲಿ. ಕಂಪನಿ ಒಂದೇ, ಮಾದರಿ ಒಂದೇ, ಆದರೂ ಅಂಕಿಗಳು ಹೊಂದುವುದಿಲ್ಲ. ಬೋರು ಬೇರೆಯಾಗಿದ್ದರೆ ಅದು ಸವೆತ. ಫೌಂಡೇಶನ್ ತೂತಿನ ದೂರ ಬೇರೆಯಾಗಿದ್ದರೆ ಯಾರೋ ತಪ್ಪು ಅಳೆದಿದ್ದಾರೆ. ಯಾರು ಎಂದು ಜಗಳವಾಗಲಿ, ಹೊನ್ನಾಳಿಯವರು ಜಗಳೂರಿಗೆ ಬಸ್ಸು ಹತ್ತಿ ಹೋಗಿ ಅವರ ಇಂಜಿನ್ನನ್ನು ಮತ್ತೆ ಅಳೆಯಲಿ. ಸರಿಯಾದ ಅಂಕಿಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಎಡೆಕುಂಟೆ ಮಾಡುವ ವೆಲ್ಡಿಂಗ್ ಅಂಗಡಿಗೂ ಒಂದು ಪ್ರತಿ, ರೇಸ್ ಕಾರಿನ ತಂಡಕ್ಕೂ ಒಂದು ಪ್ರತಿ ಕೊಡಿ. ಕೆಳಗೆ ಅಳೆದವರ ಹೆಸರಿರಲಿ, ತಾರೀಕಿರಲಿ, ಎಷ್ಟು ತಪ್ಪಿರಬಹುದು ಎಂಬ ಅಂಕಿಯೂ ಇರಲಿ.

ಇದಕ್ಕೆ ಹೊಸ ಕಟ್ಟಡ ಬೇಡ, ಮಂತ್ರಿಗಳ ಉದ್ಘಾಟನೆ ಬೇಡ, ಹೊಸ ಕೋರ್ಸೂ ಬೇಡ. ಮೆಷಿನ್ ಡ್ರಾಯಿಂಗಿನ ಕನೆಕ್ಟಿಂಗ್ ರಾಡಿನ ಪಾಠ ಬಂದ ದಿನ ಪುಸ್ತಕ ಮುಚ್ಚಿಸಿ, ಮೇಷ್ಟ್ರು ಒಂದು ಹಳೆಯ ರಾಡನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಎರಡು ಪಿನ್ನು ಇಟ್ಟರೆ ಸಾಕು.